ಏಳು ಬಾಗಿಲಿನ ಹಾಡು

"ಇನ್ನೊಂದ್ಸಲ ಹಾಕಪ್ಪಾ."

"ಮೇಡಂ, ಇದು ಒಂಬತ್ತನೇ ಸಲ."

"ಒಂಬತ್ತೋ ಹತ್ತೋ, ನಿನಗೇನು ಕಷ್ಟ? ಒಂದು ಗುಂಡಿ ಒತ್ತೋದಕ್ಕೆ ಹೀಗೆ ಮುಖ ಊದಿಸ್ಕೋತಾರಾ? ಹಾಕು."

ಕ್ಯಾಮೆರಾದವನು ಗುಂಡಿ ಒತ್ತಿದ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕರೆಯುವುದು ದುರ್ಬೀನು ಎಂದು. ನಲವತ್ತು ದಾಟಿದ ಒಣಕಲು ಆಳು, ಸದಾ ಒಂದು ಕಣ್ಣು ಕಿರಿದು ಮಾಡಿಕೊಂಡೇ ನೋಡುತ್ತಾನೆ. ಎಡಿಟಿಂಗ್ ಕೋಣೆಯೆಂದರೆ ಎರಡು ಕುರ್ಚಿ, ಒಂದು ದೊಡ್ಡ ಪರದೆ, ಕಿಟಕಿಗೆ ಬಡಿದ ಕರಿ ರಟ್ಟು. ಗಂಟೆ ಮಧ್ಯಾಹ್ನ ಎರಡೂಕಾಲು.

ನಿನ್ನೆ ಬೆಳಗ್ಗೆ ಈ ಹಾಡನ್ನು ಚಿತ್ರೀಕರಿಸುತ್ತಿದ್ದಾಗಲೇ ಯಾರೋ ಡ್ಯಾನ್ಸ್ ಮಾಸ್ಟರನ್ನು ಲೈಟು ಕಟ್ಟುವ ಅಟ್ಟದಿಂದ ನೂಕಿದ್ದರು. ಅವನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಇವತ್ತು ಮೂರೂವರೆಗೆ ಇನ್ಸ್‌ಪೆಕ್ಟರು ಬಂದು ಬಟ್ಟೆ ಹೊಲಿಯುವ ಸೂಜಿಯಕ್ಕನನ್ನು ಕರೆದುಕೊಂಡು ಹೋಗುತ್ತಾರೆ. ಖಾಸಗಿ ಪತ್ತೇದಾರಿ ನಾನು; ನೂಕಿದ್ದು ಅವಳಲ್ಲ ಎಂದು ತೋರಿಸಲು ನನಗೆ ಉಳಿದಿದ್ದು ಒಂದೂಕಾಲು ಗಂಟೆ.

ಪರದೆಯ ಮೇಲೆ ಹಾಡು ಶುರುವಾಯಿತು, ನನ್ನ ಬಾಯಿ ಒಂಬತ್ತನೇ ಸಲವೂ ತೆರೆದುಕೊಂಡಿತು.

ಸುಳ್ಳು ಯಾಕೆ ಹೇಳಲಿ? ಈ ಹಾಡಿನ ವೀಡಿಯೋಗಳೆಂದರೆ ನನಗೆ ತಾತ್ಸಾರ. ನಾಲ್ಕು ಜನ ಕುಣಿಯುತ್ತಾರೆ, ಹಿಂದೆ ಹೊಗೆ ಬಿಡುತ್ತಾರೆ, ಅಷ್ಟೇ ತಾನೇ ಎಂದುಕೊಂಡಿದ್ದವಳು ನಾನು. ಇದನ್ನು ನೋಡಿದ ಮೇಲೆ ಆ ಮಾತನ್ನು ಪೂರ್ತಿ ವಾಪಸು ತೆಗೆದುಕೊಂಡಿದ್ದೇನೆ.

ಉದ್ದನೆಯ ಮನೆ, ಸಾಲಾಗಿ ಏಳು ಬಾಗಿಲು. ಮೊದಲ ಬಾಗಿಲಿನಿಂದ ಶಾಲೆಯ ಫ್ರಾಕು ಹಾಕಿದ ಹುಡುಗಿ ಹಾಡುತ್ತ ಬರುತ್ತಾಳೆ. ಒಂದೊಂದು ಬಾಗಿಲು ದಾಟಿದಂತೆ ಅವಳಿಗೆ ಹತ್ತು ಹತ್ತು ವರ್ಷ ಹೆಚ್ಚಾಗುತ್ತದೆ. ಮೂರನೇ ಬಾಗಿಲಿನ ಕಂಬದ ಹಿಂದೆ ಫ್ರಾಕಿನಲ್ಲಿ ಹೋದವಳು ಈಚೆಗೆ ಹಸಿರು ಗೌನಿನಲ್ಲಿ ಬರುತ್ತಾಳೆ. ಆರನೇ ಬಾಗಿಲಿನ ಹಿಂದೆ ಹಸಿರಿನಲ್ಲಿ ಹೋದವಳು ಬೂದುಬಣ್ಣದ ಕೋಟು, ನರೆತ ಕೂದಲಿನ ಮುದುಕಿಯಾಗಿ ಬರುತ್ತಾಳೆ. ಎಲ್ಲೂ ಕತ್ತರಿ ಇಲ್ಲ, ಇಡೀ ಹಾಡು ಒಂದೇ ಶಾಟು. ಅವಳ ಸುತ್ತ ಹದಿನಾಲ್ಕು ಜನ ಕುಣಿಯುವವರು ಅಪ್ಪ, ಅಮ್ಮ, ಗಂಡ, ಮಗು, ನೆರೆಯವರು ಎಲ್ಲ ಆಗುತ್ತಾರೆ, ಕರಗುತ್ತಾರೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಒಂದು ಇಡೀ ಜನ್ಮ ಮುಗಿಯುತ್ತದೆ. ಮೊದಲನೇ ಸಲ ನೋಡಿದಾಗ ನಾನು ಅತ್ತುಬಿಟ್ಟೆ. ದುರ್ಬೀನು ನೋಡದ ಹಾಗೆ ಕನ್ನಡಕ ಒರೆಸಿಕೊಂಡೆ.

"ಅಬ್ಬಬ್ಬಾ," ಎಂದೆ. "ಇದನ್ನ ನೀನೊಬ್ಬನೇ ಹಿಡಿದೆಯಾ?"

"ನಾನು ಹಿಡಿದೆ, ಅವಳು ನಡೆದಳು, ಸೂಜಿಯಕ್ಕ ಬದಲಾಯಿಸಿದ್ರು. ಮೂರು ಜನದ ಕೆಲಸ ಮೇಡಂ," ಎಂದ. ಸೂಜಿಯಕ್ಕ ಎನ್ನುವಾಗ ಅವನ ದನಿ ಇಳಿಯಿತು.

ಅದೇ ಈಗ ಕುತ್ತಿಗೆಗೆ ಬಂದಿರುವುದು. ಹಾಡು ನಡೆಯುವಷ್ಟು ಹೊತ್ತೂ ಕುಣಿಯುವವರು ಕ್ಯಾಮೆರಾದ ಮುಂದೆ, ನಿರ್ದೇಶಕ ಮತ್ತು ಸಹಾಯಕರು ಕ್ಯಾಮೆರಾದ ಹಿಂದೆ, ಎಲ್ಲರೂ ಒಬ್ಬರಿಗೊಬ್ಬರು ಸಾಕ್ಷಿ. ಒಂಟಿಯಾಗಿ ಕತ್ತಲಲ್ಲಿದ್ದವಳು ಸೂಜಿಯಕ್ಕ ಒಬ್ಬಳೇ. ಮೂರನೇ ಬಾಗಿಲಿನ ಹಿಂದೆ ಒಂದು ಸಲ ಬಟ್ಟೆ ಬದಲಿಸಬೇಕು, ಆರನೇ ಬಾಗಿಲಿನ ಹಿಂದೆ ಇನ್ನೊಂದು ಸಲ. ನಡುವೆ ಎರಡೂವರೆ ನಿಮಿಷ ಅವಳಿಗೆ ಕೆಲಸವಿಲ್ಲ. ಆ ಎರಡೂವರೆ ನಿಮಿಷದ ನಡುಮಧ್ಯದಲ್ಲೇ ಪರದೆಯ ಮೇಲಿನ ತುದಿಯಲ್ಲಿ ಒಂದು ದೀಪ ಅಲುಗುತ್ತದೆ. ಮಾಸ್ಟರು ಬೀಳುವಾಗ ಅವನ ಕಾಲು ತಂತಿಗೆ ಸಿಕ್ಕಿದ ಕ್ಷಣ ಅದು. ಹಾಡಿನ ಅಬ್ಬರದಲ್ಲಿ ಅವನು ಬಿದ್ದದ್ದು ಯಾರಿಗೂ ಕೇಳಿಸಲಿಲ್ಲ, ಹಾಡು ಮುಗಿದ ಮೇಲೆಯೇ ಕಂಡದ್ದು.

ಇನ್ಸ್‌ಪೆಕ್ಟರು ಪೇದೆಯೊಬ್ಬನನ್ನು ಅಟ್ಟ ಹತ್ತಿಸಿ, ಇಳಿಸಿ, ಸ್ಟಾಪ್‌ವಾಚ್ ಹಿಡಿದು ನೋಡಿದ್ದರು. ಹೋಗಿ ಬರಲು ಸರಿಯಾಗಿ ಎರಡು ನಿಮಿಷ. ಅರ್ಧ ನಿಮಿಷ ಇನ್ನೂ ಮಿಕ್ಕಿತು.

ಇದಕ್ಕೆ ಸರಿಯಾಗಿ ಹಿಂದಿನ ದಿನ ಅವಳಿಗೂ ಮಾಸ್ಟರಿಗೂ ಜಗಳವಾಗಿತ್ತು. ಗೌನು ಕುಣಿತಕ್ಕೆ ಅಡ್ಡ ಬರುತ್ತದೆ, ಎರಡು ಗೇಣು ಕತ್ತರಿಸು ಎಂದು ಅವನು. ನನ್ನ ಬಟ್ಟೆಗೆ ಕತ್ತರಿ ಹಾಕಿದರೆ ನಿನ್ನ ಕಾಲು ಮುರೀತೀನಿ ಎಂದು ಇವಳು, ಎಲ್ಲರೆದುರಿಗೆ. ಅಟ್ಟದ ಮೇಲೆ ಸಿಕ್ಕಿದ್ದು ದರ್ಜಿಗಳು ಗುರುತು ಹಾಕುವ ನೀಲಿ ಸೀಮೆಸುಣ್ಣದ ತುಂಡು. ಇದು ನಿಮ್ಮದಾ ಎಂದು ಕೇಳಿದರೆ, "ನನ್ನದೇ" ಎಂದುಬಿಟ್ಟಳಂತೆ. ಯಾಕಮ್ಮ ಹೋಗಿದ್ದೆ ಎಂದರೆ ಬಾಯಿಗೆ ಬೀಗ.

ಅವಳ ಮಗಳು ನಿನ್ನೆ ಸಂಜೆ ನನ್ನ ಮನೆ ಬಾಗಿಲಿಗೆ ಬಂದಿದ್ದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಇಪ್ಪತ್ತಾರು ವಯಸ್ಸು. ಸುದ್ದಿ ಕೇಳಿ ಅಂಗಡಿಯಿಂದಲೇ ಓಡಿ ಬಂದೆ ಎಂದಳು. "ಆಂಟಿ, ನಂಗೆ ಅಪ್ಪ ಇಲ್ಲ, ಅಮ್ಮ ಒಬ್ಬಳೇ. ಹೇಗಾದ್ರೂ ಮಾಡಿ ಬಿಡಿಸ್ಕೊಡಿ." ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ನಾನು ಮಾತು ಕೊಟ್ಟೆ. ನನ್ನ ಕೆಟ್ಟ ಚಾಳಿ ಅದು, ಮೊದಲು ಮಾತು ಕೊಡುವುದು, ಆಮೇಲೆ ತಲೆ ಚಚ್ಚಿಕೊಳ್ಳುವುದು.

ಪರದೆಯಲ್ಲಿ ಐದನೇ ಬಾಗಿಲು ಬಂತು. ಹಸಿರು ಗೌನಿನವಳು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ನೆಲಕ್ಕೆ ಬಿಡುತ್ತಾಳೆ. ಮನೆಯ ಯಜಮಾನಿಕೆ ಬಿಟ್ಟುಕೊಟ್ಟಳು ಅಂತ ಕತೆ. ಗೊಂಚಲು ಅವಳ ಕೈ ಬಿಟ್ಟು, ನೆಲ ಮುಟ್ಟಲು ಮನಸ್ಸಿಲ್ಲದ ಹಾಗೆ ಇಳಿಯಿತು. ಗೌನಿನ ಅಂಚು ನೀರಿನಲ್ಲಿ ತೇಲಿದಂತೆ ತೇಲುತ್ತಿತ್ತು. ತುಟಿ ಮಾತ್ರ ಹಾಡಿಗೆ ಅಕ್ಷರಕ್ಕೆ ಅಕ್ಷರ ಕೂಡುತ್ತಿತ್ತು.

ನನ್ನ ತಲೆಯಲ್ಲಿ ಏನೋ ಚುರುಕ್ಕೆಂದಿತು.

ಕೈಚೀಲದಿಂದ ನನ್ನ ಮನೆಯ ಬೀಗದ ಕೈ ತೆಗೆದು ಅಷ್ಟೇ ಎತ್ತರದಿಂದ ನೆಲಕ್ಕೆ ಬಿಟ್ಟೆ. ಟಣ್. ರೆಪ್ಪೆ ಬಡಿಯುವಷ್ಟರಲ್ಲಿ ಬಿದ್ದಾಗಿತ್ತು.

"ಏನ್ ಮೇಡಂ, ಬೀಳಿಸಿಬಿಟ್ರಾ?"

"ಇರು. ಆ ಹುಡುಗಿ ಕೈ ಬಿಟ್ಟ ಜಾಗಕ್ಕೆ ಮತ್ತೆ ಹೋಗು. ನೋಡು, ನೋಡು. ನನ್ನ ಬೀಗದ ಕೈ ದಡಕ್ಕಂತ ಬೀಳತ್ತೆ, ಅವಳದು ಯಾಕಪ್ಪ ಯೋಚನೆ ಮಾಡ್ಕೊಂಡು ಬೀಳತ್ತೆ?"

ದುರ್ಬೀನುವಿನ ಮುಖ ಅರಳಿತು. ಅಡುಗೆ ಚೆನ್ನಾಗಿದೆ ಎಂದು ಹೇಳಿಸಿಕೊಂಡ ಗೃಹಿಣಿಯ ಹಾಗೆ ನಾಚಿಕೊಂಡ.

"ಅದು ನಮ್ಮ ಗುಟ್ಟು ಮೇಡಂ. ಬಿಡುಗಡೆ ಆಗೋವರೆಗೆ ಯಾರಿಗೂ ಹೇಳ್ಬೇಡಿ ಅಂದಿದಾರೆ ನಿರ್ದೇಶಕರು. ನಿಮಗಾದ್ರೆ ಹೇಳ್ತೀನಿ." ಕುರ್ಚಿ ಹತ್ತಿರ ಎಳೆದುಕೊಂಡ. "ಬರೀ ನಿಧಾನವಾಗಿ ತೋರಿಸಿದ್ರೆ ತುಟಿ ಹಾಡಿಗೆ ಕೂಡಲ್ಲ. ಅದಕ್ಕೇ ಶೂಟಿಂಗ್‌ನಲ್ಲಿ ಹಾಡನ್ನ ಎರಡರಷ್ಟು ವೇಗದಲ್ಲಿ ಹಾಕ್ತೀವಿ. ಗುಬ್ಬಿಮರಿ ಕಿರುಚಿದ ಹಾಗೆ ಕೇಳತ್ತೆ. ಅವಳು ಅದೇ ವೇಗದಲ್ಲಿ ತುಟಿ ಆಡಿಸ್ತಾಳೆ, ಎಲ್ಲರೂ ಅದೇ ವೇಗದಲ್ಲಿ ಕುಣೀತಾರೆ, ನಾನು ಅದೇ ವೇಗದಲ್ಲಿ ಹಿಂದಕ್ಕೆ ಹಿಂದಕ್ಕೆ ನಡೀತೀನಿ. ಕ್ಯಾಮೆರಾ ಎರಡರಷ್ಟು ಚಿತ್ರ ಹಿಡಿಯತ್ತೆ. ಆಮೇಲೆ ಅದನ್ನ ಎರಡರಷ್ಟು ಉದ್ದಕ್ಕೆ ಎಳೆದರೆ ತುಟಿ ಹಾಡಿಗೆ ಸರಿಹೋಗತ್ತೆ. ಬಟ್ಟೆ, ಕೂದಲು, ಬೀಗದ ಕೈ ಎಲ್ಲ ತೇಲತ್ತೆ."

ನಾನು ಬೆಕ್ಕಸ ಬೆರಗಾಗಿ ಕೂತೆ. ಒಂದು ಹೆಣ್ಣು ಇಷ್ಟು ಸಾವಧಾನವಾಗಿ, ಇಷ್ಟು ನೋವಿನಿಂದ ಮುದುಕಿಯಾಗುತ್ತಾಳಲ್ಲ ಎಂದು ನಾನು ಅತ್ತಿದ್ದೆ. ಆ ಸಾವಧಾನವೆಲ್ಲ ದಡಬಡ ಓಡಿದ ಓಟ! ಮೋಸ ಹೋದೆನಲ್ಲ ಎಂದು ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇವರಿಗೆ ಕೈ ಮುಗಿಯಬೇಕು ಅನ್ನಿಸಿತು.

"ಎಲಾ ಇವನ! ಏಳು ಬಾಗಿಲು ಹಿಂದುಹಿಂದಕ್ಕೆ ಓಡಿದೆಯಾ ನೀನು?"

"ಹದಿನಾರು ಟೇಕು ಮೇಡಂ. ಎರಡು ಸಲ ಬಿದ್ದೆ. ಕ್ಯಾಮೆರಾ ಬೀಳಿಸ್ಲಿಲ್ಲ."

"ಒಂದೊಂದು ಟೇಕು ಎಷ್ಟು ಹೊತ್ತು?"

"ಹಾಡಿನಷ್ಟೇ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು."

ನಾನು ಅವನ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿದ. ಕಿರಿದಾಗಿದ್ದ ಕಣ್ಣು ಮೆಲ್ಲಗೆ ಪೂರ್ತಿ ತೆರೆಯಿತು.

"ಅಯ್ಯೋ!" ಎಂದ. "ಎರಡು ನಿಮಿಷ. ಎರಡು ನಿಮಿಷ ಹತ್ತು ಸೆಕೆಂಡು!"

"ಇನ್ಸ್‌ಪೆಕ್ಟರಿಗೆ ಏನು ಹೇಳಿದೆ?"

"ನಾಲ್ಕು ನಿಮಿಷ ಅಂತ್ಲೇ... ಮೇಡಂ, ಎಲ್ಲರೂ ಹಾಗೇ ಹೇಳಿದ್ವಿ. ಸುಳ್ಳಲ್ಲ. ನಾವು ಹೊತ್ತು ಹೇಳೋದೇ ಹಾಡಲ್ಲಿ. ಊಟಕ್ಕೆ ಬಿಡೋದೂ ಇನ್ನೊಂದು ಚರಣ ಆದ್ಮೇಲೆ ಅಂತ. ಗಡಿಯಾರ ಯಾರು ನೋಡ್ತಾರೆ?" ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ನಮ್ಮ ಬಾಯಿಂದ್ಲೇ ಸೂಜಿಯಕ್ಕನ ಕುತ್ತಿಗೆಗೆ ಹಗ್ಗ ಹಾಕಿಬಿಟ್ವಾ?"

"ಈಗ ಅಳ್ತಾ ಕೂರಬೇಡ. ನಿಮ್ಮ ಗುಬ್ಬಿಮರಿ ಹಾಡು ಇನ್ನೂ ಇದೆಯಾ? ಇದ್ದರೆ ಸ್ಟುಡಿಯೋದಲ್ಲಿ ಹಾಕೋಕೆ ತಯಾರಿ ಮಾಡು. ಆ ನಿನ್ನ ನಿರ್ದೇಶಕ ಗುಟ್ಟುಗಿಟ್ಟು ಅಂದ್ರೆ ನನ್ನ ಹತ್ರ ಕಳಿಸು, ನಾನು ವಿಚಾರಿಸ್ಕೋತೀನಿ."

ಎರಡೂವರೆ ನಿಮಿಷದ ಅರ್ಧ ಎಂದರೆ ಒಂದು ನಿಮಿಷ ಹದಿನೈದು ಸೆಕೆಂಡು. ಅಷ್ಟರಲ್ಲಿ ಅಟ್ಟ ಹತ್ತಿ ಇಳಿಯಲು ರೆಕ್ಕೆ ಬೇಕು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮಂಡಿ ನೋವಿಲ್ಲದಿದ್ದರೆ ಕುಣಿದೂಬಿಡುತ್ತಿದ್ದೆ.

ಬಟ್ಟೆ ಕೋಣೆ ಓಣಿಯ ಕೊನೆಗಿತ್ತು. ಸೂಜಿಯಕ್ಕ ನೆಲದ ಮೇಲೆ ಕೂತು ಹಸಿರು ಗೌನಿನ ಅಂಚು ಹೊಲಿಯುತ್ತಿದ್ದಳು. ಐವತ್ತೈದರ ಹೆಂಗಸು, ಗಿಡ್ಡ, ಗಟ್ಟಿ, ಹಲ್ಲಿನಲ್ಲಿ ದಾರ. ಇನ್ನೊಂದು ಗಂಟೆಗೆ ಪೊಲೀಸರು ಬರುತ್ತಾರೆ, ಇವಳಿಗೆ ಅಂಚಿನ ಚಿಂತೆ. ಪಕ್ಕದಲ್ಲಿ ಮಗಳು ಗೋಡೆಗೊರಗಿ ಉಗುರು ಕಚ್ಚುತ್ತಿದ್ದಳು.

"ಸೂಜಿಯಕ್ಕ, ಆ ಬಟ್ಟೆ ಬದಲಾಯಿಸೋದು ನನಗೊಂದ್ಸಲ ತೋರಿಸ್ತೀರಾ?" ಎಂದೆ.

"ಯಾಕೆ, ನೀವೂ ಹಾಡ್ತೀರಾ?" ಎಂದು ನಕ್ಕಳು. ಹಾಗೆಂದವಳೇ ಎದ್ದು ಗೌನನ್ನು ನನ್ನ ಸೀರೆಯ ಮೇಲೆಯೇ ಹಾಕಿದಳು, ಹಿಂದೆ ಕೊಕ್ಕೆ ಸಿಕ್ಕಿಸಿದಳು. "ಕೈ ಎತ್ತಿ. ಉಸಿರು ಬಿಡಿ."

ಬೆನ್ನಲ್ಲಿ ಒಂದು ದಾರ ಸರಕ್ಕೆಂದಿತು. ಹೆಗಲಿನಿಂದ ಏನೋ ಜಾರಿ, ತಿರುಗಿ, ಒಳಗಿದ್ದದ್ದು ಹೊರಗಾಯಿತು. ತಲೆಯ ಮೇಲೆ ಪೌಡರಿನ ಮೋಡ ಕವಿಯಿತು. ಕನ್ನಡಿ ನೋಡಿಕೊಂಡರೆ ಬೂದು ಕೋಟು ತೊಟ್ಟ ಮುದುಕಿ. ಮುದುಕಿಯಾಗಲು ನನಗೆ ಹೆಚ್ಚು ಸಹಾಯ ಬೇಕಿಲ್ಲ, ಆ ಮಾತು ಬೇರೆ. ಆದರೂ ನಾನು ಮೂಗಿನ ಮೇಲೆ ಬೆರಳಿಟ್ಟು ನಿಂತೆ. ಐದೇ ಐದು ಸೆಕೆಂಡು. ಅವಳ ಕೈ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

"ಇದನ್ನ ಇನ್ನಾರಿಗಾದ್ರೂ ಕಲಿಸಿದೀರಾ?"

"ಯಾರಿಗೆ ಬೇಕು?" ಎಂದಳು ಸೂಜಿಯಕ್ಕ. "ಇವಳಿಗೆ ಕಲಿಸೋಣ ಅಂದ್ರೆ ಸೂಜಿ ಕಂಡರೆ ಓಡ್ತಾಳೆ."

ಮಗಳು ನಗಲಿಲ್ಲ. "ಆಂಟಿ, ಏನಾದ್ರೂ ಸಿಕ್ತಾ?" ಎಂದಳು.

"ಸಿಕ್ಕಿದೆ ಪುಟ್ಟಾ. ನಿಮ್ಮಮ್ಮ ಇವತ್ತು ರಾತ್ರಿ ಊಟ ಮನೇಲೇ ಮಾಡ್ತಾರೆ."

ಹುಡುಗಿ ಎದ್ದು ಬಂದು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಪೌಡರೆಲ್ಲ ಅವಳ ಮುಖಕ್ಕೆ ಹತ್ತಿತು. ಸೂಜಿಯಕ್ಕ ಮಾತ್ರ ಸೂಜಿ ಹಿಡಿದ ಕೈಯನ್ನು ಗಾಳಿಯಲ್ಲಿಯೇ ನಿಲ್ಲಿಸಿ ನನ್ನನ್ನು ನೋಡಿದಳು. ಅದು ಸಂತೋಷವಿರಬೇಕು ಎಂದುಕೊಂಡೆ ನಾನು, ದಡ್ಡಿ.

ಮೂರೂವರೆಗೆ ಸರಿಯಾಗಿ ಇನ್ಸ್‌ಪೆಕ್ಟರು ಬಂದರು. ಒಳ್ಳೆಯ ಮನುಷ್ಯ, ಮರ್ಯಾದಸ್ತ, ಹಿಡಿದ ಹಟ ಬಿಡುವವರಲ್ಲ. ಸ್ಟುಡಿಯೋದ ಏಳು ಬಾಗಿಲು ಹಾಗೇ ನಿಂತಿದ್ದವು. ನೆಲದ ಮೇಲೆ ಹೆಜ್ಜೆಗೊಂದರಂತೆ ಬಣ್ಣದ ಟೇಪಿನ ಗುರುತು. ಬಾಗಿಲುಗಳ ಹಿಂಭಾಗಕ್ಕೆ ಮೂರೂ ಕಡೆ ಕರಿ ಪರದೆ ಇಳಿಬಿಟ್ಟಿದ್ದರು, ಮೇಲೆ ಕಬ್ಬಿಣದ ಅಟ್ಟ. ದುರ್ಬೀನು, ನಿರ್ದೇಶಕ, ಸೂಜಿಯಕ್ಕ, ಅವಳ ಮಗಳು, ಹಾಡಿನಲ್ಲಿ ಏಳು ಬಾಗಿಲು ದಾಟಿದ ಗಾಯಕಿ ಎಲ್ಲ ನಿಂತಿದ್ದರು. ಗಾಯಕಿ ಒಂಬತ್ತನೇ ವಯಸ್ಸಿಗೆ ಹಾಡಲು ಬಂದಾಗಿನಿಂದ ಅವಳ ಬಟ್ಟೆಯೆಲ್ಲ ಸೂಜಿಯಕ್ಕನ ಕೈಯದೇ. ಊರಿಗೆ ದೊಡ್ಡ ಹೆಸರು, ಸೂಜಿಯಕ್ಕನಿಗೆ ಮಾತ್ರ ಅವಳು ಮರಿ.

"ಇನ್ಸ್‌ಪೆಕ್ಟರೇ, ಕರ್ಕೊಂಡು ಹೋಗೋದಕ್ಕೆ ಮುಂಚೆ ಒಂದು ಹಾಡು ಕೇಳ್ತೀರಾ?"

"ನಾನು ಕೇಳಿದೀನಿ ಮೇಡಂ. ಇಪ್ಪತ್ತು ಸಲ."

"ನಿನ್ನೆ ಇಲ್ಲಿ ಕೇಳಿದ ಹಾಗೆ ಕೇಳಿಲ್ಲ. ನಿಮ್ಮ ಪೇದೆ ಮೂರನೇ ಬಾಗಿಲಲ್ಲಿ ನಿಲ್ಲಲಿ. ಆ ಹುಡುಗಿ ಮೂರನೇ ಬಾಗಿಲು ದಾಟಿದ ತಕ್ಷಣ ಅಟ್ಟಕ್ಕೆ ಓಡಲಿ, ಅವಳು ಆರನೇ ಬಾಗಿಲಿಗೆ ಬರೋದರೊಳಗೆ ಅಲ್ಲಿ ಬಂದು ನಿಲ್ಲಲಿ. ನಿಂತರೆ ನಾನೇ ಸೂಜಿಯಕ್ಕನ್ನ ನಿಮ್ಮ ಜೀಪು ಹತ್ತಿಸ್ತೀನಿ."

ದುರ್ಬೀನು ಹಾಡು ಹಾಕಿದ. ಕೀರಲು ದನಿ ಸ್ಟುಡಿಯೋ ತುಂಬ ಚಿಲಿಪಿಲಿ ಎಂದಿತು. ಪೇದೆ ಕಿಸಕ್ಕನೆ ನಕ್ಕುಬಿಟ್ಟ, ಇನ್ಸ್‌ಪೆಕ್ಟರ ಹುಬ್ಬು ಮೇಲೇರಿತು. ಗಾಯಕಿ ಹೊರಟಳು.

ಅದನ್ನು ಹೇಗೆ ಹೇಳಲಿ? ನೋಡುವುದಕ್ಕೆ ನಗು ಬರಬೇಕು. ಬಸ್ಸು ತಪ್ಪಿಹೋಗುತ್ತದೆ ಎನ್ನುವವಳ ಹಾಗೆ ಬಿರಬಿರನೆ ಬಂದಳು, ತುಟಿ ಪಟಪಟ, ಕೈ ಸರಸರ, ಅವಳೆದುರು ದುರ್ಬೀನು ಬೆನ್ನು ಹಿಂದಾಗಿ ಓಡುತ್ತಿದ್ದ. ಆದರೆ ಪಕ್ಕದಲ್ಲಿ ಇಟ್ಟಿದ್ದ ಪುಟ್ಟ ಪರದೆ ಅದೇ ಚಿತ್ರವನ್ನು ಎಳೆದು ಎಳೆದು ತೋರಿಸುತ್ತ ಹಿಂದೆ ಬೀಳುತ್ತಿತ್ತು, ಅಲ್ಲಿ ಅವಳು ಮಹಾರಾಣಿ. ಒಂದು ಕಣ್ಣಿಗೆ ಓಟ, ಒಂದು ಕಣ್ಣಿಗೆ ಜನ್ಮ. ಈ ಮಕ್ಕಳು ಕಾಲವನ್ನೇ ಬಟ್ಟೆಯ ಹಾಗೆ ಹಿಡಿದು ಎಳೆದಿದ್ದಾರಲ್ಲ! ನನ್ನ ಮೈ ಜುಮ್ಮೆಂದಿತು. ಕೇಸು ಗೀಸು ಎಲ್ಲ ಒಂದು ಕ್ಷಣ ಮರೆತೇಹೋಯಿತು. ಇನ್ಸ್‌ಪೆಕ್ಟರೂ ಬಾಯಿ ತೆರೆದುಕೊಂಡೇ ನೋಡುತ್ತಿದ್ದರು.

ಮೇಲೆ ಧಡಧಡ ಬೂಟಿನ ಸದ್ದು. ಗಾಯಕಿ ಆರನೇ ಬಾಗಿಲು ತಲುಪಿದಾಗ ಪೇದೆ ಇನ್ನೂ ಏಣಿಯ ಮೇಲಿನ ತುದಿಯಲ್ಲಿದ್ದ. ಹಾಡು ಮುಗಿದಾಗ ಅವನು ನಡು ಏಣಿಯಲ್ಲಿ ಏದುಸಿರು ಬಿಡುತ್ತ ನೇತಾಡುತ್ತಿದ್ದ.

ಇನ್ಸ್‌ಪೆಕ್ಟರು ಸ್ಟಾಪ್‌ವಾಚ್ ನೋಡಿದರು. ಇನ್ನೊಮ್ಮೆ ನೋಡಿದರು. ಅದನ್ನು ಕಿವಿಗೆ ಹಿಡಿದೂ ನೋಡಿದರು.

"ಒಂದು ನಿಮಿಷ ಹದಿನೈದು ಸೆಕೆಂಡು," ಎಂದರು. "ನಿನ್ನೆಯೂ ಹೀಗೇನಾ?"

"ಹೀಗೇ ಸಾರ್," ಎಂದ ನಿರ್ದೇಶಕ. ಅವನ ಮುಖ ಸುಣ್ಣ ಬಳಿದಂತಾಗಿತ್ತು. "ತಪ್ಪಾಯ್ತು. ನಮಗೆ ಹೊಳೀಲೇ ಇಲ್ಲ."

"ಮೂರನೇ ಬಾಗಿಲಲ್ಲಿ ಬಟ್ಟೆ ಬದಲಿಸಿ, ಅಟ್ಟ ಹತ್ತಿ, ಆಳನ್ನ ನೂಕಿ, ಇಳಿದು, ಆರನೇ ಬಾಗಿಲಲ್ಲಿ ಮತ್ತೆ ಬಟ್ಟೆ ಬದಲಿಸೋದು ಈ ಭೂಮಿ ಮೇಲೆ ಯಾರ ಕೈಲೂ ಆಗಲ್ಲ," ಎಂದೆ ನಾನು. ದನಿಯಲ್ಲಿ ಜಂಬ ಇತ್ತು, ಒಪ್ಪಿಕೊಳ್ಳುತ್ತೇನೆ. "ಸೂಜಿಯಕ್ಕನ್ನ ಬಿಡಿ ಇನ್ಸ್‌ಪೆಕ್ಟರೇ."

ಇನ್ಸ್‌ಪೆಕ್ಟರು ಸೂಜಿಯಕ್ಕನ ಕಡೆ ತಿರುಗಿದರು. ದನಿ ಮೆತ್ತಗಾಗಿತ್ತು. "ಏನಮ್ಮ ನೀವು? ಇಷ್ಟು ದೊಡ್ಡ ಮಾತು ನಿಮಗೆ ಗೊತ್ತಿರ್ಲಿಲ್ವಾ? ನನಗೆ ಒಂದು ಮಾತು ಹೇಳಬಾರದಿತ್ತಾ?"

ಆಗ ನನಗೆ ಹೊಳೆಯಿತು. ದುರ್ಬೀನುವಿಗೆ ಹೊಳೆಯಲಿಲ್ಲ, ನಿರ್ದೇಶಕನಿಗೆ ಹೊಳೆಯಲಿಲ್ಲ, ಸರಿ. ಕತ್ತಲಲ್ಲಿ ಕೂತು, ಐದು ಸೆಕೆಂಡಿಗೆ ಒಂದು ಜನ್ಮ ತೆಗೆದು ಇನ್ನೊಂದು ಜನ್ಮ ತೊಡಿಸುವವಳಿಗೆ ಹೊಳೆಯಲಿಲ್ಲವೇ? ಹಾಡು ಎಷ್ಟು ಬೇಗ ಓಡಿತು ಎಂದು ಅವಳ ಬೆರಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳಿಗೆ ಮೊದಲಿನಿಂದ ಗೊತ್ತಿತ್ತು. ಬೇಕೆಂತಲೇ ಸುಮ್ಮನಿದ್ದಳು.

ಸೂಜಿಯಕ್ಕ ಮುಂದೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೆಲಸಕ್ಕೆ ಹೊರಟವಳ ಹಾಗೆ.

"ಸಾರ್, ಈಯಮ್ಮ ಬುದ್ಧಿವಂತರು. ಲೆಕ್ಕ ಸರಿಯಾಗೇ ಹಾಕಿದಾರೆ. ಒಂದು ಮಾತು ಮಾತ್ರ ಅವರಿಗೆ ಗೊತ್ತಿಲ್ಲ." ಒಂದು ಸಲ ಉಸಿರೆಳೆದಳು. "ಆರನೇ ಬಾಗಿಲಲ್ಲಿ ನಾನಿರ್ಲಿಲ್ಲ."

"ಏನಂದ್ರಿ?"

"ಇಳಿದು ಬರೋಕೆ ಹೊತ್ತು ಸಾಕಾಗಲ್ಲ ಅಂತ ಗೊತ್ತಿತ್ತು. ಮರೀಗೆ ಮೊದ್ಲೇ ಹೇಳಿದ್ದೆ, ಎರಡನೇ ಸಲ ನೀನೇ ಎಳ್ಕೋ ಅಂತ. ನಾನು ಹಾಡು ಮುಗಿದ ಮೇಲೆ ಇಳಿದು ಬಂದೆ."

"ಸುಳ್ಳು," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಆ ದಾರ ಬೆನ್ನ ಹಿಂದೆ ಇದೆ. ತಾನೇ ಎಳ್ಕೊಳ್ಳೋಕೆ ಆಗಲ್ಲ. ಸೂಜಿಯಕ್ಕ, ಯಾರನ್ನ ಕಾಯ್ತಿದೀರಾ ನೀವು?"

"ಅಲ್ಲಿ ಯಾರಿದ್ದರು ಅಂತ ನೋಡಿದವರು ಯಾರೂ ಇಲ್ವಲ್ಲ ಮೇಡಂ," ಎಂದರು ಇನ್ಸ್‌ಪೆಕ್ಟರು. ಅವರಿಗೂ ಬೇಸರವಾಗಿತ್ತು. "ಮೂರೂ ಕಡೆ ಪರದೆ. ನಾನು ನಿಂತೂ ನೋಡಿದೀನಿ, ಬಗ್ಗಿಯೂ ನೋಡಿದೀನಿ. ನೆಲದ ಮೇಲೆ ಎಲ್ಲಿ ನಿಂತರೂ ಏನೂ ಕಾಣಲ್ಲ. ಗೊತ್ತಿರೋದು ಒಬ್ಬರಿಗೇ."

ಎಲ್ಲರ ಕಣ್ಣೂ ಗಾಯಕಿಯ ಮೇಲೆ ಬಿತ್ತು.

ನಾನು ಅವಳ ಹತ್ತಿರ ಹೋದೆ. ಇನ್ನೂ ಓಟದ ಬೆವರು ಆರಿರಲಿಲ್ಲ. ಹತ್ತಿರದಿಂದ ಎಷ್ಟು ಚಿಕ್ಕವಳು ಇವಳು! "ನೋಡಮ್ಮ. ನಿನ್ನ ಒಂದು ಮಾತಿಗೆ ಈಯಮ್ಮ ಮನೆಗೆ ಹೋಗ್ತಾರೆ, ಇಲ್ಲ ಜೈಲಿಗೆ ಹೋಗ್ತಾರೆ. ಆರನೇ ಬಾಗಿಲ ಹಿಂದೆ ನಿನ್ನ ಬಟ್ಟೆ ತಿರುವಿದ್ದು ಯಾರು?"

ಅವಳು ಸೂಜಿಯಕ್ಕನನ್ನು ನೋಡಿದಳು. ಸೂಜಿಯಕ್ಕ ಕತ್ತನ್ನು ಇಷ್ಟೇ ಇಷ್ಟು ಆಡಿಸಿದಳು. ಟೇಕು ಶುರುವಾಗುವ ಮುಂಚೆ ಧೈರ್ಯ ಹೇಳುವಾಗ ಹೀಗೇ ಆಡಿಸುತ್ತಿದ್ದಳೋ ಏನೋ.

"ಅಕ್ಕ ಅಲ್ಲ," ಎಂದಳು ಗಾಯಕಿ.

"ಮತ್ತೆ ಯಾರು?"

"ನಾನೇ... ನಾನೇ ಹೇಗೋ ಎಳ್ಕೊಂಡೆ." ಲಕ್ಷಾಂತರ ಜನರನ್ನು ಅಳಿಸುವ ದನಿ ಅದು, ಈಗ ಕಾಗದ ಹರಿದಂತೆ ಕೇಳಿಸಿತು. ಕಣ್ಣಿನಿಂದ ಧಾರಾಕಾರ ನೀರು. ಸುಳ್ಳು ಹೇಳುತ್ತಿದ್ದಾಳೆ ಎಂದು ಪೇದೆಗೂ ಗೊತ್ತಾಗುವಂತಿತ್ತು. ಆದರೆ ಅವಳು ಹೇಳಿಬಿಟ್ಟಿದ್ದಳು, ಇನ್ಸ್‌ಪೆಕ್ಟರು ಬರೆದುಕೊಂಡೂಬಿಟ್ಟಿದ್ದರು.

"ಬನ್ನಿ ಅಮ್ಮ," ಎಂದರು ಅವರು.

ಸೂಜಿಯಕ್ಕ ಹೊರಟಳು. ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ಬೇಜಾರು ಮಾಡ್ಕೋಬೇಡಿ. ಇಷ್ಟಕ್ಕೇ ನಿಲ್ಲಿಸಿಬಿಡಿ," ಎಂದಳು. ಅವಳ ಮುಖದಲ್ಲಿ ಎಂಥ ನಿರಾಳ! ಹೊಲಿಗೆ ಮುಗಿಸಿ ದಾರ ಕಡಿದಷ್ಟು ನಿರಾಳ. ಒಬ್ಬ ಹೆಂಗಸು ಇನ್ನೊಬ್ಬರಿಗಾಗಿ ಇಷ್ಟು ಸಲೀಸಾಗಿ ಜೈಲಿಗೆ ನಡೆಯಬಹುದು ಎಂದು ನಾನು ಈ ಮೂವತ್ತು ವರ್ಷದ ಕಸುಬಿನಲ್ಲಿ ಕಂಡಿರಲಿಲ್ಲ. ಸಿಟ್ಟು ಬಂತು, ಗೌರವವೂ ಬಂತು.

ಬಾಗಿಲವರೆಗೆ ಹೋಗಿದ್ದರು. ಅಲ್ಲಿಯವರೆಗೂ ಗರ ಬಡಿದವಳ ಹಾಗೆ ನಿಂತಿದ್ದ ಮಗಳು ಇದ್ದಕ್ಕಿದ್ದಂತೆ ನನ್ನನ್ನು ತಳ್ಳಿಕೊಂಡು ಓಡಿದಳು.

"ಬಿಡಿ ಸಾರ್, ಅಮ್ಮನ್ನ ಬಿಡಿ! ಇವರಿಬ್ಬರೂ ಸುಳ್ಳು ಹೇಳ್ತಿದಾರೆ!" ತಾಯಿಯ ಸೆರಗು ಹಿಡಿದು ಎಳೆದಳು. "ಆರನೇ ಬಾಗಿಲಲ್ಲಿ ಇದ್ದದ್ದು ಅಮ್ಮನೇ. ಪೌಡರು ಹಾಕಿದ್ದೂ ಅಮ್ಮನೇ. ತುದಿಗಾಲಲ್ಲಿ ನಿಂತು ಹಾಕಿದ್ಲು, ನಾನೇ ಕಣ್ಣಾರೆ ನೋಡಿದೀನಿ!"

"ಬಾಯಿ ಮುಚ್ಚೇ!" ಎಂದು ಕಿರುಚಿದಳು ಸೂಜಿಯಕ್ಕ. ಎರಡು ದಿನದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. "ನೀನು ಅಂಗಡೀಲಿದ್ದೆ! ಇವಳು ಅಂಗಡೀಲಿದ್ಲು ಸಾರ್!"

ಹುಡುಗಿಯ ಕೈಯಿಂದ ಸೆರಗು ಜಾರಿತು. ತಾನೇನು ಹೇಳಿದೆ ಎಂದು ಅವಳಿಗೆ ಆಗ ತಿಳಿಯಿತು. ನನ್ನ ಕಡೆ ತಿರುಗಿದಳು, ನಿನ್ನೆ ಸಂಜೆ ನನ್ನ ಕೈ ಹಿಡಿದುಕೊಂಡಾಗ ಇದ್ದ ಅದೇ ಮುಖ.

ಇನ್ಸ್‌ಪೆಕ್ಟರು ಸೂಜಿಯಕ್ಕನ ತೋಳು ಬಿಟ್ಟರು. ನಿಧಾನವಾಗಿ ತಲೆ ಎತ್ತಿ, ಆರನೇ ಬಾಗಿಲಿನ ನೇರಕ್ಕೆ ಮೇಲಿದ್ದ ಅಟ್ಟವನ್ನು ನೋಡಿದರು.

"ಎಲ್ಲಿಂದ ನೋಡಿದ್ಯಮ್ಮಾ?" ಎಂದರು.